ಹಿರಿಯರ ಹೆಸರಿಗೆ ಬಿಟ್ಟ ಜಾಗ

ಅಟ್-ಬಾಷಿ
ನವೆಂಬರ್ ೧೨

ಪ್ರೀತಿಯ ಅಪಾ, ನನ್ನಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಮಾಸ್ಕೋದ ಚಳಿಯಲ್ಲಿ ಆ ಆಫೀಸಿನ ಮೆಟ್ಟಿಲು ಒರೆಸುವಾಗ ಮಂಡಿಯಡಿ ದಪ್ಪ ಬಟ್ಟೆ ಹಾಕಿಕೊಳ್ಳುತ್ತೀ ತಾನೆ? ಇಲ್ಲಿ ಎಲ್ಲರೂ ಕ್ಷೇಮ. ಅತ್ತೆ ನಿನಗೆಂದು ಮೊಸರಿನ ಕುರುತ್ ಉಂಡೆ ಒಣಗಿಸಿದ್ದಾರೆ. ಅರ್ಧ ನಾನೇ ತಿಂದಿದ್ದೇನೆ, ಅವರಿಗೆ ಹೇಳಬೇಡ.

ಸೋಮವಾರ ಇನ್ಸ್‌ಪೆಕ್ಟರ್ ನನ್ನ ತರಗತಿಗೆ ಬಂದಿದ್ದರು. ಪಾಠ ಮೆಚ್ಚಿದರೆ ನನ್ನ ಕೆಲಸ ಕಾಯಂ. ಕಾಯಂ ಆದರೆ ನಿನ್ನನ್ನು ಕರೆಸಿಕೊಳ್ಳಬಹುದು. ಅಂದು ನಾಮಪದದ ವಿಭಕ್ತಿ ಪ್ರತ್ಯಯಗಳ ಪಾಠ. 'ಕುದುರೆ'ಗೆ ಪ್ರತ್ಯಯ ಹಚ್ಚುವಷ್ಟರಲ್ಲೇ ನನ್ನ ದನಿ ಇಳಿದುಹೋಗಿತ್ತು, ಹೊಸಬರೆದುರು ನನ್ನ ಅಂಜಿಕೆ ನಿನಗೆ ಗೊತ್ತಲ್ಲ. "ಕುದುರೆ ಸಾಕಮ್ಮ, ಮನುಷ್ಯರ ಹೆಸರು ತಗೊಳ್ಳಿ" ಎಂದವರು, ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವರತ್ತ ತಿರುಗಿ "ಯಜಮಾನ್ರೇ, ನಿಮ್ಮ ಹೆಸರೇನು?" ಎಂದರು. ಅವರು ನಮ್ಮ ಮಾವ, ಶಾಲೆಯ ಒಲೆ ನೋಡಿಕೊಳ್ಳುವುದು ಅವರೇ ಅಲ್ಲವೇ. ಹೆಸರು ಹೇಳಿದರು. "ಅದನ್ನೇ ಬರೀರಿ" ಎಂದರು ಇನ್ಸ್‌ಪೆಕ್ಟರ್.

ನಿನಗೆ ಹೇಳಬೇಕೆ, ಸೊಸೆಯಾದವಳ ಬಾಯಲ್ಲಿ ಮಾವನ ಹೆಸರು ಬರಬಾರದು. ಬರೆಯಲು ನನ್ನ ಕೈಯೂ ಏಳದು. ಈ ಪತ್ರದಲ್ಲೂ ಬರೆಯಲಾರೆ. ಪಟ್ಟಣದ ಇನ್ಸ್‌ಪೆಕ್ಟರ್ ನನಗೆ ಪ್ರತ್ಯಯವೇ ಗೊತ್ತಿಲ್ಲವೆಂದುಕೊಂಡು ಪೆನ್ನು ತೆಗೆದರು. ಮಾವ ನೆಲ ನೋಡುತ್ತಿದ್ದರು.

ಕೊನೆಗೆ ನಾನು ಬೋರ್ಡಿನ ಎಡಭಾಗ ಖಾಲಿ ಬಿಟ್ಟು, ಬರೀ ಪ್ರತ್ಯಯಗಳನ್ನು ಒಂದರ ಕೆಳಗೊಂದು ಬರೆದೆ. ಖಾಲಿ ಜಾಗಕ್ಕೆ ಬೆರಳು ತೋರಿಸಿದೆ. ಊರಿನ ಮಕ್ಕಳಲ್ಲವೇ, ತಕ್ಷಣ ತಿಳಿಯಿತು. ಆ ಹಿರಿಯರ ಹೆಸರಿಗೆ ಒಂದೊಂದೇ ಪ್ರತ್ಯಯ ಅಂಟಿಸಿ, ಮಾಡು ಹಾರಿಹೋಗುವಂತೆ ಕೂಗಿದವು. "ಹಿಮದಲ್ಲಿ ದಾರಿ ತಪ್ಪಿದಾಗ್ಲೂ ಇಷ್ಟು ಜನ ನನ್ನ ಕೂಗಿರ್ಲಿಲ್ಲ" ಎಂದರು ಮಾವ.

ಇನ್ಸ್‌ಪೆಕ್ಟರರ ಕಿವಿ ಕೆಂಪಾಯಿತು. "ನಮ್ಮಮ್ಮನೂ ತಾತನ ಹೆಸರು ಹೇಳ್ತಿರ್ಲಿಲ್ಲ, ಮರ್ತೇ ಬಿಟ್ಟಿದ್ದೆ" ಎಂದು, 'ನನ್ನ', 'ನಿನ್ನ' ಎಂಬ ಅರ್ಥ ಕೊಡಲು ನಮ್ಮ ಭಾಷೆಯಲ್ಲಿ ಪದದ ಕೊನೆಗೆ ಹಚ್ಚುವ ಪ್ರತ್ಯಯಗಳಿಗೆ ಒಂದು ಪದವನ್ನು ಮಾವನನ್ನೇ ಕೇಳಿದರು. "ಸೊಸೆ ಅಂತ ಹಾಕಿ" ಎಂದರು ಮಾವ. ಹಾಲುಹಲ್ಲು ಬಿದ್ದ ಪುಟ್ಟ ಬಾಯಿಗಳೆಲ್ಲ ನನ್ನ ಸೊಸೆ, ನಿನ್ನ ಸೊಸೆ, ನಮ್ಮ ಸೊಸೆ ಎನ್ನತೊಡಗಿದಾಗ ನಾನು ಬೋರ್ಡಿನತ್ತ ತಿರುಗಿ ನಕ್ಕೆ. ಕಣ್ಣಲ್ಲಿ ನೀರೂ ಇತ್ತು.

ಮನೆಯ ಹಿರಿಯರೆಲ್ಲ ನಿನಗೆ ಸಲಾಂ ಹೇಳಿದ್ದಾರೆ. ಒಡೆದ ನಿನ್ನ ಕೈಗಳಿಗೆ ನನ್ನ ಮುತ್ತು.

ನಿನ್ನ
ಐಝಿರೆಕ್

ಪತ್ರ ಒಯ್ಯುವವರು ಹೊರಗೆ ಕಾಯುತ್ತಿದ್ದಾರೆ, ಇದೊಂದು ಬರೆದುಬಿಡುತ್ತೇನೆ. ಕೆಲಸ ಕಾಯಂ ಆಯಿತು. "ಬೀಗಿತ್ತಿ ಇನ್ನೂ ಅಲ್ಲಿ ಯಾಕಿರ್ಬೇಕು, ಬರೋಕೆ ಹೇಳು" ಎಂದರು ಮಾವ. ಅತ್ತೆ ಬೆಳಗಿನಿಂದ ಒಳಕೋಣೆಗೆ ಸುಣ್ಣ ಬಳಿಯುತ್ತಿದ್ದಾರೆ. ಬಾ ಅಪಾ.