ಬಣ್ಣ ಕೆರೆದಾಗ ಕಂಡ ಮುಖ

ಮನೆಯಿಂದ,
ಮಾರ್ಚ್ ೧೪, ಸಂಜೆ

ಪ್ರೀತಿಯ ಮಗನೇ,

(ಪಾದ್ರಿಯಾದ ಮೇಲೆ ನಿನ್ನನ್ನು ಫಾದರ್ ಎಂದೇ ಕರೆಯಬೇಕು ಎಂದು ನಿನ್ನ ತಂಗಿ ನನ್ನನ್ನು ತಿದ್ದುತ್ತಾಳೆ. ಹೆತ್ತವಳ ಬಾಯಿಗೆ ಅದು ಹೊಂದುವುದಿಲ್ಲ, ಏನು ಮಾಡಲಿ.)

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಕಳೆದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ. ಕೇಳಿದರೆ 'ಧೂಳಮ್ಮ, ಬರೀ ಧೂಳು' ಎಂದು ತೇಲಿಸಿಬಿಟ್ಟೆ. ಆಮೇಲೆ ನಿನಗೆ ಫೋನ್ ಹತ್ತಲೇ ಇಲ್ಲ. ನೀನು ನೋಡಿಕೊಳ್ಳುವ ಶಾಲೆಯ ಕೋಣೆಗಳಲ್ಲಿ ಊರು ಬಿಟ್ಟು ಬಂದವರು ತುಂಬಿದ್ದಾರೆ, ಸುತ್ತಲೂ ಬಂದೂಕಿನವರು ಓಡಾಡುತ್ತಿದ್ದಾರೆ ಎಂದು ಸುದ್ದಿಯಲ್ಲಿ ಹೇಳುತ್ತಾರೆ. ಸುದ್ದಿ ಓದುವವಳು ನಿನ್ನ ಊರಿನ ಹೆಸರನ್ನು ಪ್ರತಿ ಸಲವೂ ತಪ್ಪಾಗಿ ಹೇಳುತ್ತಾಳೆ. ಹೆಸರನ್ನೇ ತಪ್ಪು ಹೇಳುವವಳಿಗೆ ಉಳಿದದ್ದೂ ತಪ್ಪಾಗಿಯೇ ಗೊತ್ತಿರಬೇಕು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ಈ ಕಾಗದವನ್ನು ಆಸ್ಪತ್ರೆಯ ಡಾಕ್ಟರ್ ಸಿಸ್ಟರ್ ತರುತ್ತಾರೆ. ನಾಳೆ ಬೆಳಿಗ್ಗೆ ಔಷಧಿ ತುಂಬಿದ ವ್ಯಾನಿನಲ್ಲಿ ನಿನ್ನ ಕಡೆಗೇ ಹೊರಟಿದ್ದಾರೆ.

ಇಲ್ಲಿಯ ದೊಡ್ಡ ಸುದ್ದಿ ನಮ್ಮ ಚರ್ಚಿನ ಸಂತರದು. ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಹತ್ತಿರ ಬಂತು, ಮರದ ಸ್ವರೂಪದ ಬಣ್ಣವೆಲ್ಲ ಚಕ್ಕೆ ಏಳುತ್ತಿದೆ ಎಂದು ಚರ್ಚಿನ ಸ್ವಾಮಿಗಳು ಅಪ್ಪನನ್ನು ಕರೆಸಿದರು. ಜೀವಮಾನವೆಲ್ಲ ಅಂಗಡಿ ಬೋರ್ಡು ಬರೆದವರಿಗೆ ಸಂತರನ್ನು ಮುಟ್ಟುವ ಭಾಗ್ಯ! ಹೊಸ ಶರ್ಟು ಹಾಕಿಕೊಂಡು ಹೋದರು, ಬಣ್ಣದ ಕೆಲಸಕ್ಕೆ. ನನ್ನ ಬೈಗುಳ ಅವರ ಕಿವಿಗೆ ಎಂದು ಬಿದ್ದಿದೆ ಹೇಳು. ಬಲಿಪೀಠದ ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಹಳೆ ದುಪ್ಪಟಿ ಹಾಸಿ ಸಂತರನ್ನು ಅಂಗಾತ ಮಲಗಿಸಿದ್ದರು. ಬುತ್ತಿ ಕೊಡಲು ಹೋದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮಲಗಿದ ಸಂತರನ್ನು ನೋಡಲು ಕಾಲು ಮುಂದೆ ಬರಲಿಲ್ಲ.

ನಿನಗೆ ನೆನಪಿದೆಯಲ್ಲ, ನಮ್ಮ ಸಂತರಿಗೆ ನರೆತ ಗಡ್ಡ, ಹಣೆಯಲ್ಲಿ ಗೆರೆ, ತಾತನ ಮುಖ. ಕಡಲು ದಾಟಿ ಬಂದು, ರೋಗಿಗಳ ಆರೈಕೆ ಮಾಡುತ್ತಾ, ಗಲಭೆಯಾದಾಗ 'ಹೊರಡಿ' ಎಂದರೂ ಹೊರಡದೆ, ಬಾಗಿಲಲ್ಲೇ ಈಟಿಯ ಏಟು ತಿಂದು ಪ್ರಾಣ ಬಿಟ್ಟವರು. ಚಿಕ್ಕವನಿದ್ದಾಗ ನೀನು ಪೊರಕೆಯನ್ನು ತಂಗಿಯ ಕೈಗೆ ಕೊಟ್ಟು 'ಚುಚ್ಚೇ, ನಾನೇ ಸಂತ' ಎಂದು ಎದೆಯೊಡ್ಡುತ್ತಿದ್ದೆ. ಅವಳು ನಿಜವಾಗಿಯೂ ಚುಚ್ಚಿದಳು. ಸಂತರು ಬೊಬ್ಬೆ ಹಾಕುತ್ತಾ ಅಡುಗೆಮನೆಗೆ ಓಡಿಬಂದು ನನ್ನ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡರು!

ಅಪ್ಪ ಹಳೆಯ ಬಣ್ಣ ಕೆರೆಯುತ್ತಾ ಹೋದರು. ಪದರದ ಮೇಲೆ ಪದರ. ಯಾವ ಯಾವ ಕಾಲದವರೋ ಬಳಿದದ್ದು. ಬಣ್ಣದಲ್ಲೇ ಬರೆದಿದ್ದ ಗಡ್ಡ ಹೋಯಿತು, ಹಣೆಯ ಗೆರೆ ಹೋಯಿತು. ಕೊನೆಗೆ ಮೊದಲು ಕೆತ್ತಿದವನು ಕೆತ್ತಿದ್ದ ಮುಖ ಹೊರಗೆ ಬಂತು. ಅಪ್ಪ ನನ್ನನ್ನು ಹತ್ತಿರ ಕರೆದು, 'ನೋಡೇ ಇಲ್ಲಿ, ಹುಡುಗ ಕಣೇ ಇವನು' ಎಂದರು. ನಿಜ. ಮೀಸೆ ಚಿಗುರಿ ನಾಲ್ಕು ದಿನವಾದಂಥ ಮುಖ. ನಿನಗಿಂತ ಚಿಕ್ಕವರೇ ಇರಬೇಕು. ಇಷ್ಟು ವರ್ಷ ಯಾರ ಮುಂದೆ ಮಂಡಿಯೂರಿ ನಿನ್ನನ್ನು ಕಾಪಾಡು ಎಂದು ಬೇಡಿದೆನೋ, ಅವರನ್ನೇ ಯಾರಾದರೂ ಕಾಪಾಡಬೇಕಿತ್ತು ಅನ್ನಿಸಿಬಿಟ್ಟಿತು. ಅವರಿಗೂ ಒಬ್ಬ ತಾಯಿ ಇದ್ದಿರಬೇಕು. ಆಕೆಗೆ ಸುದ್ದಿ ಮುಟ್ಟಿಸಿದವರು ಯಾರೋ, ಹೇಗೋ.

ಮುಖಕ್ಕೆ, ನಿಲುವಂಗಿಗೆ, ಕೈಯ ಶಿಲುಬೆಗೆ ಬಣ್ಣವಾಯಿತು. ಎದೆಯ ಗಾಯಕ್ಕೆ ಮಾತ್ರ ಅಪ್ಪನ ಕುಂಚ ಏಳಲಿಲ್ಲ. ಗಾಯದ ಜಾಗದ ಮೇಲೂ ಅಂಗಿಯ ಬಿಳಿಯನ್ನೇ ಬಳಿದುಬಿಟ್ಟರು. ಸ್ವಾಮಿಗಳು ಬಂದು, 'ಗಾಯ ಇಲ್ದೆ ಇವರು ಯಾರು ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು?' ಎಂದರು. 'ನನ್ನ ಕೈಲಿ ಆಗಲ್ಲ ಸ್ವಾಮಿ, ಬೇರೆಯವರನ್ನ ಕರೀರಿ' ಎಂದು ಅಪ್ಪ ಕುಂಚ ತೊಳೆದು ಮನೆಗೆ ಬಂದರು. ಆ ಸ್ವಾಮಿಗಳೂ ಒಳ್ಳೆಯವರೇ. ಬೇರೆ ಯಾರನ್ನೂ ಕರೆಸಲಿಲ್ಲ. ಸಂತರು ಹಾಗೇ ಮಲಗಿದ್ದರು. ಅಪ್ಪ ಬೇಕರಿಯವನ ಬೋರ್ಡು ಬರೆಯಲು ಹೋಗಿ ಒತ್ತಕ್ಷರ ನುಂಗಿ ಬೈಸಿಕೊಂಡು ಬಂದರು.

ಭಾನುವಾರ ಪೂಜೆಯಲ್ಲಿ ನಿನ್ನ ಹೆಸರೆತ್ತಿ ಪ್ರಾರ್ಥಿಸಿದರು. ಹೊರಗೆ ಬಂದ ಮೇಲೆ ಗಾಯನ ಮಂಡಳಿಯ ಹಿರಿಯಾಕೆ ನನ್ನ ಎರಡೂ ಕೈ ಹಿಡಿದು, 'ಪುಣ್ಯವಂತೆ ನೀನು, ನಿನ್ನ ಹೊಟ್ಟೇಲಿ ಒಬ್ಬ ಸಂತ ಹುಟ್ಟಿದ' ಎಂದು ಕಣ್ಣೊರೆಸಿಕೊಂಡರು. ನನಗೆಲ್ಲಿಂದ ಸಿಟ್ಟು ಬಂತೋ. 'ನನ್ನ ಮಗ ಬದುಕಿದ್ದಾನೆ ಕಣಮ್ಮ!' ಎಂದು ಎಲ್ಲರೆದುರು ಕೂಗಿಬಿಟ್ಟೆ. ಪಾಪ, ಅವರು ಒಳ್ಳೆಯದೇ ಆಡಿದ್ದು. ಅಪ್ಪ ನನ್ನ ತೋಳು ಹಿಡಿದು ಮನೆಗೆ ಕರೆದುಕೊಂಡು ಬಂದರು.

ಮರುದಿನ ಎದ್ದವರೇ ಚರ್ಚಿಗೆ ಹೋಗಿ ಗಾಯ ಬರೆದು ಮುಗಿಸಿದರು. ಹೋಗಿ ನೋಡಿದೆ. ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. 'ಆ ಹುಡುಗ ಪಟ್ಟ ನೋವನ್ನ ಮುಚ್ಚೋಕೆ ನಾನು ಯಾರು? ದೇವರ ಚಿತ್ತ ಇದ್ದಂಗಾಗ್ಲಿ' ಎಂದರು ಅಪ್ಪ. ಕಲ್ಲು ಮನಸ್ಸಿನವರು ಎಂದು ಎರಡು ದಿನ ನಾನು ಅವರೊಡನೆ ಮಾತು ಬಿಟ್ಟೆ. ಈಗ ಸರಿಯಾಗಿದ್ದೇನೆ. ನೀನು ಆ ಜನರ ಜೊತೆಗಿರುವುದೇ ನಿನ್ನ ಕೆಲಸ, ನಮ್ಮ ಚಿಂತೆ ಮಾಡಬೇಡ. ನಾವು ಧೈರ್ಯವಾಗಿದ್ದೇವೆ.

ತಂಗಿ ನಿನಗೊಂದು ಸ್ವೆಟರ್ ಕಳಿಸಿದ್ದಾಳೆ, ತೋಳು ಒಂದು ಉದ್ದ ಒಂದು ಗಿಡ್ಡ, ಏನೂ ಅನ್ನದೆ ಹಾಕಿಕೋ. ಸ್ವಾಮಿಗಳು ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಮಾತೆ ಮರಿಯಮ್ಮ ನಿನ್ನನ್ನು ತನ್ನ ಮಡಿಲಲ್ಲಿಟ್ಟುಕೊಳ್ಳಲಿ.

ಇಂತಿ ನಿನ್ನ ಪ್ರೀತಿಯ
ಅಮ್ಮ

ಮರೆತ ಮಾತು: ಇದನ್ನು ಸಿಸ್ಟರ್ ಕೋಣೆಯಲ್ಲಿ, ಅವರದೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಧೈರ್ಯ ಗೀರ್ಯ ಎಂದು ಮೇಲೆ ಬರೆದದ್ದೆಲ್ಲ ಸುಳ್ಳು. ವ್ಯಾನು ವಾಪಸ್ ಬರುವಾಗ ನಿನಗೊಂದು ಸೀಟು ಹಿಡಿದಿಡಿ ಎಂದು ಅಪ್ಪನಿಗೆ ತಿಳಿಯದಂತೆ ಸಿಸ್ಟರ್ ಕಾಲು ಹಿಡಿಯಲು ಬಂದೆ. 'ನಿಮ್ಮ ಯಜಮಾನ್ರು ಸೋಮವಾರಾನೇ ಬಂದು ಕೇಳ್ಕೊಂಡು ಹೋದ್ರಲ್ಲಮ್ಮ, ನಿಮಗೆ ಹೇಳ್ಬೇಡಿ ಅಂದ್ರು' ಎಂದರು. ಸೋಮವಾರ ಎಂದರೆ ಗಾಯ ಬರೆದ ದಿನವೇ. ಕೈಗೆ ಮೆತ್ತಿದ್ದ ಕೆಂಪನ್ನೂ ಒರೆಸಿಕೊಳ್ಳದೆ ಬಂದಿದ್ದರಂತೆ. ಸೀಟು ಇದೆ ಮಗಾ, ಡ್ರೈವರ್ ಪಕ್ಕದ್ದು. ಬಾ. ನೀನು ಒಪ್ಪುವವನಲ್ಲ ಎಂದು ಗೊತ್ತು. ಬರಲೇ ಆಗದಿದ್ದರೆ ಅಲ್ಲಿಯ ಯಾವುದಾದರೂ ಮಗುವನ್ನು ಅದರಲ್ಲಿ ಕೂರಿಸಿ ಕಳಿಸು, ನಿನ್ನ ಕೋಣೆ ಖಾಲಿಯಿದೆ, ನಾವು ಸಾಕುತ್ತೇವೆ. ಆದರೆ ಮೊದಲು ನೀನು ಬಾ.