ನಾವು ಇಳಿದಿದ್ದೇವೆ

ದೊಡ್ಡ ಗಾಲಿಯ ಮ್ಯಾನೇಜರ್ ಸಾಹೇಬರಿಗೆ,
ಯಲಬುರ್ಗಾದ ವಾಣಿಶ್ರೀ ಮಾಡುವ ನಮಸ್ಕಾರ.

ನಿಮ್ಮನ್ನು ಕಾಣಲು ಒಳಗೆ ಬಿಡಲಿಲ್ಲ, ಅದಕ್ಕೇ ಈ ಚೀಟಿಯನ್ನು ಗೇಟಿನವರ ಕೈಗೆ ಕೊಡುತ್ತಿದ್ದೇನೆ. ಇವತ್ತು ಮಧ್ಯಾಹ್ನ ನಾನೂ ನನ್ನ ಮಗಳೂ ನಿಮ್ಮ ಗಾಲಿ ಹತ್ತಿದೆವು. ಅವ್ವ ಮಾತ್ರ ಕೆಳಗೇ ಉಳಿದಳು. ನಮ್ಮ ಕಡೆ ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ಹತ್ತುವ ಮುಂಚೆ, ಮೇಲಿಂದ ಬಿದ್ದೀತೆಂದು ಚಪ್ಪಲಿ ಬಿಚ್ಚಿ ಕೆಳಗಿದ್ದವರಿಗೆ ಕೊಡುತ್ತೇವೆ. ನಿಮ್ಮದು ಮುಚ್ಚಿದ ಗಾಜಿನ ಡಬ್ಬಿ ಎಂದರೂ ಅವ್ವ ಕೇಳಲಿಲ್ಲ. "ಚಪ್ಪಲಿ ನನ್ನ ಕಡೆ ಕೊಡ್ರಿ. ನೀವು ಇಳಿದು ಬರೂತನಕ ನಾ ಎಲ್ಲಿಗೂ ಹೋಗಂಗಿಲ್ಲ" ಎಂದು ಮಡಿಲಲ್ಲಿಟ್ಟುಕೊಂಡು ಕೂತಳು.

ನಿಮ್ಮಲ್ಲಿ ಹತ್ತುವುದು ಒಂದು ಕಡೆ, ಇಳಿಯುವುದು ಇನ್ನೊಂದು ಕಡೆ. ನಾವು ಬರಿಗಾಲಲ್ಲಿ ಸುತ್ತಿ ಬರುವಷ್ಟರಲ್ಲಿ ಅವ್ವ ಅಲ್ಲಿರಲಿಲ್ಲ. ದಾರಿಯಲ್ಲಿ ಕೂಡಬೇಡ ಎಂದು ಯಾರೋ ಎಬ್ಬಿಸಿದರಂತೆ.

ಪೊಲೀಸರಿಗೆ ಹೇಳಿದ್ದೇವೆ. ಹಸಿರು ಇಳಕಲ್ ಸೀರೆ, ಫೋನಿಲ್ಲ, ಕಿವಿ ಮಂದ. ಮೈಕಿನಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಗಂಡನ ಹೆಸರು ಕೇಳಿದರೆ ಹೇಳುವವಳಲ್ಲ, ತಲೆ ತಗ್ಗಿಸಿ ನಗುತ್ತಾಳೆ. ದಯವಿಟ್ಟು ಗದರಬೇಡಿ, ನಕ್ಕರೆ ಅವಳೇ ನಮ್ಮ ಅವ್ವ.

ಈಗ ದೀಪ ಹಚ್ಚಿದ್ದೀರಿ, ಗಾಲಿ ಇನ್ನೂ ತಿರುಗುತ್ತಿದೆ. ಅದು ತಿರುಗುವ ತನಕ ಅವ್ವನ ಲೆಕ್ಕದಲ್ಲಿ ನಾವು ಮೇಲೇ ಇದ್ದೇವೆ. ಎಲ್ಲೋ ಜನರ ನಡುವೆ ಚಪ್ಪಲಿ ಹಿಡಿದು ಮೇಲೆ ನೋಡುತ್ತ ನಿಂತಿರುತ್ತಾಳೆ. ಕೈಮುಗಿದು ಕೇಳುತ್ತೇನೆ ಸಾಹೇಬರೇ, ಒಂದು ಸಲ ಎಲ್ಲರನ್ನೂ ಇಳಿಸಿ ಗಾಲಿ ನಿಲ್ಲಿಸಿ. ನಿಂತರೆ ಅವಳೇ ನಮ್ಮನ್ನು ಹುಡುಕಿಕೊಂಡು ಬರುತ್ತಾಳೆ.

ಮಗಳು ಹತ್ತುವ ಬಾಗಿಲಲ್ಲಿದ್ದಾಳೆ, ನಾನು ಇಳಿಯುವ ಬಾಗಿಲಲ್ಲಿದ್ದೇನೆ. ಇಬ್ಬರೂ ಇನ್ನೂ ಬರಿಗಾಲಲ್ಲೇ ಇದ್ದೇವೆ.

ಇಂತಿ,
ವಾಣಿಶ್ರೀ