ರೂತಳ ಇನ್ನರ್ಧ ಕಥೆ

ಕಲ್ಯಾಣಪುರ,
10-9-1981, ಗುರುವಾರ

ಪ್ರೀತಿಯ ಮಗಳು ಪ್ಯಾಟ್ರಿಶಿಯಾಳಿಗೆ,

ನಿನ್ನ ಅತ್ತೆ, ನೀನು ಕರೆಯುವ ಮಾಂಯ್, ಕಲ್ಯಾಣಪುರದಿಂದ ನಿನ್ನ ತಲೆಯ ಮೇಲೆ ಕೈ ಇಟ್ಟು ಹರಸಿ ಬರೆಯುವುದೇನೆಂದರೆ, ಮೊದಲು ನಿನ್ನ ಆರೋಗ್ಯ ಹೇಗುಂಟು ಎಂದು ತಿಳಿಸು. ಹಿಂದಿನ ಪತ್ರದಲ್ಲಿ ಕೆಮ್ಮು ಎಂದಿದ್ದೆ, ಈ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಕುವೈಟಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳಿಗೆ ನಾನು ಮದ್ದು ಹೇಳುವುದು ಅಧಿಕಪ್ರಸಂಗ, ಆದರೂ ಹೇಳುತ್ತೇನೆ, ಶುಂಠಿ ಕಾಳುಮೆಣಸಿನ ಕಷಾಯ ಕುಡಿ. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಮಳೆಯ ಸುದ್ದಿಯನ್ನು ರೇಡಿಯೋಗಿಂತ ಮೊದಲೇ ಹೇಳುತ್ತದೆ. ನಿನ್ನ ನಾದಿನಿ ಆಂಜೆಲಾಳಿಗೆ ಶಾಲೆಯಲ್ಲಿ ಈ ವರ್ಷ ಆರನೆಯ ತರಗತಿ ಕೊಟ್ಟಿದ್ದಾರೆ. ಮಕ್ಕಳ ಮೇಲಿನ ಸಿಟ್ಟನ್ನೆಲ್ಲ ಜೋಪಾನವಾಗಿ ಮನೆಗೆ ತಂದು ನನ್ನ ಮೇಲೆ ತೀರಿಸುತ್ತಾಳೆ.

ಮೊನ್ನೆ ಮೊಂತಿ ಹಬ್ಬ, ನಮ್ಮ ತೆನೆಹಬ್ಬ, ಚೆನ್ನಾಗಿ ಆಯಿತು. ಪೂಜೆಯ ಹೊತ್ತಿಗೆ ಮಳೆ ಬಿಟ್ಟಿತು. ಮಕ್ಕಳು ಮರಿಯಮ್ಮನಿಗೆ ಹೂ ಹಾಕಿದರು, ಫಾದರ್ ಹೊಸ ತೆನೆ ಆಶೀರ್ವದಿಸಿ ಮನೆಗೊಂದರಂತೆ ಕೊಟ್ಟರು. ಮನೆಗೆ ತಂದು ದೇವರ ಅಲ್ತಾರಿನ ಮುಂದೆ ಇಟ್ಟು ಪ್ರಾರ್ಥನೆ ಮಾಡಿ, ಕಾಳು ಸುಲಿದು ಪುಡಿ ಮಾಡಿ, ತೆಂಗಿನ ಹಾಲಿಗೆ ಹಾಕಿ ನೊವೆಂ ಮಾಡಿದೆ. ನೊವೆಂ ಮನೆಯವರಿಗೆ ಮಾತ್ರ ಎಂಬ ಕ್ರಮ ನಿನಗೆ ಗೊತ್ತುಂಟಲ್ಲ. ಪಕ್ಕದ ಮನೆಯ ಸುಗಂಧಿಗೆ ಪಾಯಸ, ಪಲ್ಯ ಎಲ್ಲ ಕೊಟ್ಟು ಕಳಿಸುತ್ತೇನೆ, ಆ ಒಂದು ಗುಟುಕು ಮಾತ್ರ ಕೊಡುವುದಿಲ್ಲ. ಅವಳೂ ಕೇಳುವವಳಲ್ಲ, ಹೊಸ ಅಕ್ಕಿ ಉಣ್ಣಲು ಅವರ ಮನೆಯಲ್ಲಿ ಅವರದೇ ದಿನ ಉಂಟು. ಇನ್ನು ಮನೆಯವರು ದೂರದಲ್ಲಿದ್ದರೆ ತೆನೆಯ ಕಾಳನ್ನು ಪೊಟ್ಟಣ ಕಟ್ಟಿ ಟಪಾಲಿನಲ್ಲಿ ಕಳಿಸುವುದು. ಈ ಲಕೋಟೆಯಲ್ಲೂ ಉಂಟು, ಒಡೆಯುವಾಗ ಜಾಗ್ರತೆ.

ನಿನ್ನ ಮದುವೆಯ ವರ್ಷದ್ದು ನೆನಪಾಯಿತು. ಮಣಿಪಾಲದಲ್ಲಿ ನಿನಗೆ ಡ್ಯೂಟಿ, ಹಬ್ಬಕ್ಕೆ ರಜೆ ಸಿಕ್ಕಿರಲಿಲ್ಲ. ಮೌರಿಸನ ಕೈಯಲ್ಲಿ ಕಾಳು ಕೊಟ್ಟು ಕಳಿಸಿದೆ. ಆಶೀರ್ವಾದದ ಕಾಳು, ಒಂದು ಚೂರೂ ಬಿಸಾಡಬಾರದು ಎಂದು ನೀನು ಸಿಪ್ಪೆ ಸಮೇತ ಅಗಿದು ನುಂಗಿದೆ. ಅವನು ಮನೆಗೆ ಬಂದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಅಮ್ಮಾ, ಕಾರ್ಕಳದಿಂದ ನನಗೆ ಹೆಂಡತಿ ತಂದಿದ್ದೀಯಾ, ಎಮ್ಮೆ ತಂದಿದ್ದೀಯಾ?’ ಎಂದ. ಆ ಕಾಮಾಲೆ ನನ್ನ ಮಗನನ್ನು ತೆಗೆದುಕೊಂಡು ಹೋಯಿತು, ಆ ನಗುವನ್ನು ತೆಗೆದುಕೊಂಡು ಹೋಗಲು ಆಗಲಿಲ್ಲ. ಅವನಿಲ್ಲದ ಸಂಕಟ ನನಗೆ ದಿನಾಲೂ ಉಂಟು, ನಿನಗೂ ಉಂಟು ಎಂದು ಬಲ್ಲೆ.

ಈಗ ನಿನ್ನ ಪತ್ರಕ್ಕೆ ಬರುತ್ತೇನೆ. ನಿಮ್ಮ ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಡೆನಿಸ್, ಕಾಪು ಕಡೆಯ ಹುಡುಗ, ಮದುವೆಯಾಗುತ್ತೀಯಾ ಎಂದು ಕೇಳಿದ್ದಾನೆ, ನೀನು ಬೇಡ ಎಂದಿದ್ದೀ. ಅವನು ಒಳ್ಳೆಯವನಲ್ಲ ಎಂದು ನೀನು ಬರೆದಿಲ್ಲ. ಮನಸ್ಸಿಲ್ಲ ಎಂದೂ ಬರೆದಿಲ್ಲ, ನಾನು ಎರಡೆರಡು ಸಲ ಹುಡುಕಿದೆ. ಬರೆದದ್ದು ಇಷ್ಟೇ, ‘ಮಾಂಯ್, ಆ ಮನೆಗೆ ಸೇರಿದರೆ ಮತ್ತೆ ನಿಮ್ಮ ಮನೆಯ ನೊವೆಂ ನನಗಿಲ್ಲವಲ್ಲ.’ ಅದರ ಕೆಳಗೆ ಬೈಬಲಿನ ರೂತ್ ಅತ್ತೆಗೆ ಹೇಳಿದ ಮಾತು ಬೇರೆ, ನೀವು ಹೋದಲ್ಲಿಗೆ ನಾನೂ ಬರುತ್ತೇನೆ, ನಿಮ್ಮ ಜನವೇ ನನ್ನ ಜನ ಎಂದು. ಓದಿ ನಾನು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು.

ದೇವರ ಆಟ ನೋಡು, ಹಬ್ಬದ ಸಂಜೆ ನಮ್ಮ ಯುವಕರು ಇಗರ್ಜಿ ಮೈದಾನದಲ್ಲಿ ಆಡಿದ ನಾಟಕವೂ ಅದೇ ರೂತಳದ್ದು. ಅತ್ತೆ ನವೊಮಿ ಬರಗಾಲಕ್ಕೆ ಬೇರೆ ದೇಶಕ್ಕೆ ಹೋದದ್ದು, ಅಲ್ಲಿ ಗಂಡ ಮತ್ತು ಗಂಡುಮಕ್ಕಳಿಬ್ಬರೂ ತೀರಿಹೋದದ್ದು, ವಿಧವೆ ಸೊಸೆಯಂದಿರಿಗೆ ತವರಿಗೆ ಹೋಗಿ ಎಂದದ್ದು, ಒಬ್ಬಳು ಹೋದದ್ದು, ರೂತ್ ಮಾತ್ರ ಸೆರಗು ಬಿಡದೆ ನಿಂತದ್ದು, ಎಲ್ಲ ಚೆನ್ನಾಗಿ ಮಾಡಿದರು. ‘ನೀವು ಹೋದಲ್ಲಿಗೆ ನಾನೂ’ ಎಂದು ಹುಡುಗಿ ಹೇಳಿದಳು, ಹೆಂಗಸರೆಲ್ಲ ಮೂಗು ಒರೆಸಿಕೊಂಡರು, ಪರದೆ ಬಿತ್ತು. ಮುಗಿಯಿತು ಎಂದರು. ನನಗೆ ತಡೆಯಲಾಗಲಿಲ್ಲ ಮಗಾ, ನೆಟ್ಟಗೆ ಫಾದರ್ ಹತ್ತಿರ ಹೋಗಿ ಉಳಿದ ಕಥೆ ಎಲ್ಲಿ ಎಂದು ಕೇಳಿದೆ. ‘ಸೆವ್ರಿನಾ ಬಾಯಿ, ಹೆಣ್ಣೊಬ್ಬಳು ರಾತ್ರಿ ಕಣದಲ್ಲಿ ಗಂಡಸಿನ ಹತ್ತಿರ ಹೋಗುವ ಆ ದೃಶ್ಯವನ್ನೆಲ್ಲ ಇಗರ್ಜಿ ವಠಾರದಲ್ಲಿ ಆಡಿಸುವುದು ಹೇಗೆ?’ ಎಂದರು. ‘ಪವಿತ್ರ ಗ್ರಂಥದಲ್ಲಿ ಉಂಟಲ್ಲ ಫಾದರ್’ ಎಂದೆ. ಪಾಪ, ಅವರು ಯಾರೋ ಕರೆದರು ಎಂದು ಆಚೆ ಹೋದರು.

ಮನೆಗೆ ಬರುವಾಗ ನಾಟಕಕ್ಕೆ ಬಂದಿದ್ದ ಸುಗಂಧಿ, ‘ಆಮೇಲೆ ಎಂತ ಆಯಿತು, ಬಾಯಮ್ಮ? ಆ ಹುಡುಗಿ ಹಾಗೆಯೇ ಇದ್ದಳಾ?’ ಎಂದು ಕೇಳಿದಳು. ನೋಡು, ಓದು ಬರಹ ಇಲ್ಲದಿದ್ದರೂ ಕೇಳಬೇಕಾದ್ದನ್ನು ಕೇಳಿದಳು. ದಾರಿಯುದ್ದಕ್ಕೂ ಹೇಳಿದೆ. ರೂತ್ ಕೊಯ್ಲಿನ ಗದ್ದೆಯಲ್ಲಿ ಬಿದ್ದ ತೆನೆ ಆಯ್ದು ಅತ್ತೆಯನ್ನು ಸಾಕಿದಳು. ಗದ್ದೆಯ ಯಜಮಾನ ಬೋವಜ ಒಳ್ಳೆಯವನು, ಅವಳಿಗಾಗಿ ಬೇಕೆಂದೇ ತೆನೆ ಬೀಳಿಸಿರಿ ಎಂದು ಆಳುಗಳಿಗೆ ಹೇಳಿದ. ನವೊಮಿ ಅದನ್ನು ಕೇಳಿ ಬಾಯಿ ಮುಚ್ಚಿ ಕುಳಿತುಕೊಂಡಳಾ? ಮಿಂದು ಬಾ, ಎಣ್ಣೆ ಹಚ್ಚು, ಒಳ್ಳೆಯ ಬಟ್ಟೆ ಉಡು, ಕಣದಲ್ಲಿ ಅವನಿದ್ದಲ್ಲಿಗೆ ಹೋಗು ಎಂದು ತಾನೇ ಕಳಿಸಿದಳು. ಮದುವೆಯಾಯಿತು, ಮಗುವಾಯಿತು. ನವೊಮಿ ಆ ಮಗುವನ್ನು ಮಡಿಲಿಗೆ ಎತ್ತಿಕೊಂಡಳು, ನವೊಮಿಗೆ ಮಗ ಹುಟ್ಟಿದ ಎಂದು ಊರಿನ ಹೆಂಗಸರು ಹೇಳಿದರು. ‘ಗಟ್ಟಿಗಿತ್ತಿ ಅತ್ತೆ’ ಎಂದಳು ಸುಗಂಧಿ.

ಆದ್ದರಿಂದ ರೂತ್ ಆಗುವುದಾದರೆ ಪೂರ್ತಿ ಆಗು. ಮೊದಲನೆಯ ಅಧ್ಯಾಯದಲ್ಲಿ ಚಾಪೆ ಹಾಕಿ ಕುಳಿತುಕೊಳ್ಳಬೇಡ. ಅತ್ತೆ ಹೇಳಿದಂತೆ ಸೊಸೆ ಕೇಳುವುದು ಮೂರನೆಯ ಅಧ್ಯಾಯದಲ್ಲಿ ಉಂಟು, ತೆಗೆದು ಓದು. ನನ್ನ ಮಡಿಲೂ ಖಾಲಿ ಉಂಟು, ಅದನ್ನೂ ಹೇಳಿಬಿಡುತ್ತೇನೆ, ನಾಚಿಕೆ ಎಂತಕ್ಕೆ. ಕಳೆದ ವಾರ ಡೆನಿಸನ ತಾಯಿ ಪಲ್ಯಕ್ಕೆಂದು ಎರಡು ಜೀಗುಜ್ಜೆ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕುಳಿತು, ‘ನಿಮ್ಮ ಹುಡುಗಿಯನ್ನು ನಿಮ್ಮಿಂದ ಬಿಡಿಸಲು ಬಂದವಳಲ್ಲ ನಾನು’ ಎಂದರು. ಒಳ್ಳೆಯ ಹೆಂಗಸು. ಜೀಗುಜ್ಜೆಯೂ ಒಳ್ಳೆಯದಿತ್ತು.

ಆಂಜೆಲಾಳಿಗೆ ಮಾತ್ರ ಇದು ಸುಲಭವಿಲ್ಲ. ನಾಟಕದ ರಾತ್ರಿ ಕೇಳಿದಳು, ‘ಅಮ್ಮಾ, ಅತ್ತಿಗೆ ಇನ್ನೊಂದು ಮನೆಗೆ ಹೋದರೆ ನಮ್ಮಣ್ಣ ಎಲ್ಲಿಗೆ ಹೋಗಬೇಕು? ಹೋದವಳಿಗೆ ನೊವೆಂ ಕಳಿಸುವ ಕ್ರಮ ಉಂಟಾ?’ ಅಣ್ಣ ಎಂದರೆ ಅವಳಿಗೆ ಅಷ್ಟು ಜೀವ. ನಾನು ಹೇಳಿದೆ, ‘ಕ್ರಮ ಮಾಡಿದವರು ಮನೆಯ ಹಿರಿಯರು. ಈಗ ಈ ಮನೆಗೆ ಹಿರಿಯಳು ನಾನು.’ ಅವಳು ಎದ್ದು ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಆ ದಿನ ಸ್ವಲ್ಪ ಜಾಸ್ತಿ ಇತ್ತು. ಅವಳ ಮೇಲೆ ಬೇಸರ ಮಾಡಬೇಡ.

ಕಷಾಯ ಮರೆಯಬೇಡ. ನಿನ್ನ ಕೋಣೆಯ ಗೆಳತಿಯರಿಗೆ ನನ್ನ ನೆನಪು ಹೇಳು. ತೆನೆ ತಂದ ಮರಿಯಮ್ಮ ನಿನ್ನನ್ನು ತನ್ನ ಸೆರಗಿನ ಮರೆಯಲ್ಲಿ ಇಟ್ಟುಕೊಳ್ಳಲಿ. ಮೌರಿಸ್ ಮೇಲಿನಿಂದ ನೋಡಿ ನಗಲಿ.

ಎಂದೆಂದಿಗೂ ನಿನ್ನ ಮಾಂಯ್,
ಸೆವ್ರಿನಾ

ತಾ.ಕ.: ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಲಕೋಟೆಯಲ್ಲಿ ಪೊಟ್ಟಣ ಎರಡು ಉಂಟು. ಎರಡನ್ನೂ ಕಟ್ಟಿದವಳು ನಾನು, ಒಂದು ನಿನಗೆ, ಒಂದು ಡೆನಿಸನಿಗೆ. ಸಣ್ಣ ಪೊಟ್ಟಣದ ಮೇಲೆ ನನ್ನ ಅಕ್ಷರ ಹಿಡಿಸುವುದಿಲ್ಲ ಎಂದು ಹೆಸರು ಬರೆಯಲು ಬೆಳಿಗ್ಗೆ ಆಂಜೆಲಾಳಿಗೆ ಕೊಟ್ಟಿದ್ದೆ. ಬರೆದಿಟ್ಟು ಶಾಲೆಗೆ ಹೋದಳು. ಈಗ ಕನ್ನಡಕ ಹಾಕಿ ನೋಡಿದರೆ ಒಂದರ ಮೇಲೆ ‘ಅತ್ತಿಗೆ’ ಎಂದುಂಟು, ಇನ್ನೊಂದರ ಮೇಲೆ ‘ಡೆನಿಸ್ ಬಾವ’. ಬಾವ ಎಂದು ಬರೆ ಎಂದು ನಾನು ಹೇಳಿರಲಿಲ್ಲ. ಅವನಿಗೆ ಹೇಳು, ಸಿಪ್ಪೆ ಸುಲಿದು ತಿನ್ನಬೇಕು.